ಇಪ್ಪತ್ತರ ಲೆಕ್ಕ

ಪ್ರಷ್ಯದ ದೊರೆ ಮಹಾ ಫ್ರೆಡರಿಕ್ ೧೭೪೦ರಲ್ಲಿ ಸ್ಥಾಪಿಸಿದ ಗೌರವ ಪದಕಕ್ಕೆ ಫ್ರೆಂಚ್ ಭಾಷೆಯ ಹೆಸರು: ‘ಪೂರ್ ಲ ಮೆರೀತ್’. ‘ಯೋಗ್ಯತೆಗಾಗಿ’ ಎಂದು ಅದರ ಅರ್ಥ. ಅಂದಿನ ಪ್ರಷ್ಯದ ಆಸ್ಥಾನದಲ್ಲಿ ಫ್ರೆಂಚೇ ದೊಡ್ಡವರ ನುಡಿಯಾಗಿತ್ತಾದ್ದರಿಂದ ಪದಕದ ಹೆಸರೂ ಹಾಗೆ ಬಂದಿತು. ಯೋಗ್ಯತೆಯನ್ನು ಸಾರುವ ಪದಕ, ಜನಸಾಮಾನ್ಯರಿಗೆ ತಿಳಿಯದ ಭಾಷೆಯಲ್ಲಿ ಅದನ್ನು ಸಾರಿತು! ೧೯೧೬ರ ಜನವರಿಯಲ್ಲಿ ವಿಮಾನಯೋಧರ ಪೈಕಿ ಮೊದಲಿಗರಾಗಿ ಮ್ಯಾಕ್ಸ್ ಇಮ್ಮೆಲ್‌ಮನ್ ಮತ್ತು ಓಸ್ವಾಲ್ಡ್ ಬೋಲ್ಕೆ ಇದನ್ನು ಪಡೆದಾಗ, ಒಬ್ಬೊಬ್ಬರೂ ೮ ಶತ್ರುವಿಮಾನಗಳನ್ನು ಕೆಡವಿದ್ದರು. ಯುದ್ಧ ಬೆಳೆದಂತೆ ಪದಕದ ಬೆಲೆಯೂ ಏರಿತು. ೮ ಹೋಗಿ ೧೬ ಆಯಿತು, ೧೬ ಹೋಗಿ ೨೦ ಆಯಿತು. ಆದರೆ ಈ ಎಣಿಕೆಗೆ ಮೊದಲೇ ದಾಟಬೇಕಾದ ಇನ್ನೊಂದು ಹೊಸ್ತಿಲಿತ್ತು. ಪದಕವು ಅಧಿಕಾರಿಗಳಿಗೆ ಮಾತ್ರ ಮೀಸಲು. ಅಧಿಕಾರಿಯಲ್ಲದ ಯೋಧನು ಎಷ್ಟು ವಿಮಾನಗಳನ್ನು ಕೆಡವಿದರೂ ಅವನಿಗೆ ಸಲ್ಲುತ್ತಿದ್ದುದು ಬೇರೊಂದು ಶಿಲುಬೆ.

ಇಮ್ಮೆಲ್‌ಮನ್ನನ ಹೆಸರಿನಿಂದಲೇ ಬಂದುದೆಂದು ಹೇಳುವ ‘ಬ್ಲೂ ಮ್ಯಾಕ್ಸ್’ ಎಂಬ ಅಡ್ಡಹೆಸರು ಈ ನೀಲಿ ಪದಕಕ್ಕೆ ಅಂಟಿಕೊಂಡಿತು. ಅದೇ ಹೆಸರಿನಲ್ಲಿ ಜ್ಯಾಕ್ ಹಂಟರ್ ೧೯೬೪ರಲ್ಲಿ ಒಂದು ಕಾದಂಬರಿ ಬರೆದರು. ೧೯೬೬ರಲ್ಲಿ ಜಾನ್ ಗಿಲ್ಲರ್‌ಮಿನ್ ಅದನ್ನು ಚಿತ್ರವಾಗಿಸಿದರು. ಯುದ್ಧದ ಚಿತ್ರಗಳಿಗೇನೂ ಕೊರತೆಯಿಲ್ಲ. ಆದರೆ ಯುದ್ಧದೊಳಗೆ ನಡೆಯುವ ಇನ್ನೊಂದು ಯುದ್ಧವನ್ನು, ಹುಟ್ಟಿಗೂ ಗಳಿಕೆಗೂ ನಡುವಣ ಕಾದಾಟವನ್ನು, ಇಷ್ಟು ನೇರವಾಗಿ ಎತ್ತಿಕೊಂಡ ಚಿತ್ರಗಳು ವಿರಳ. ಅದಕ್ಕಾಗಿಯೇ ಇದು ಇಂದಿಗೂ ನೋಡತಕ್ಕ ಚಿತ್ರವೆಂದು ನನ್ನ ಅಭಿಪ್ರಾಯ.

ಚಿತ್ರದ ಮೊದಲ ದೃಶ್ಯವೇ ಅದರ ಸಾರ. ೧೯೧೬ನೆಯ ಇಸವಿ. ಬ್ರೂನೋ ಸ್ಟಾಕೆಲ್ ಎಂಬ ಕಾಲಾಳು ಯೋಧ ಕೆಸರಿನ ಗುಂಡಿಯಲ್ಲಿ ಬಿದ್ದುಕೊಂಡಿದ್ದಾನೆ. ತಲೆಯ ಮೇಲೆ, ಆಕಾಶದಲ್ಲಿ, ವಿಮಾನಗಳು ಹಕ್ಕಿಗಳಂತೆ ಸುತ್ತಾಡುತ್ತಿವೆ. ಅವನು ಕತ್ತೆತ್ತಿ ನೋಡುತ್ತಾನೆ, ಅಷ್ಟೆ. ಮುಂದೆ ೧೯೧೮ರಲ್ಲಿ ಅವನು ಅಧಿಕಾರಿಯಾಗಿ ವಿಮಾನದಳವೊಂದಕ್ಕೆ ಬಂದು ಸೇರುತ್ತಾನೆ. ಅಲ್ಲಿ ಜನರಲ್ ಕೌಂಟ್ ಫಾನ್ ಕ್ಲೂಗರ್‌ಮನ್ನನ ಅಣ್ಣತಮ್ಮಂದಿರ ಪೈಕಿಯವನ ಮಗ ವಿಲ್ಲಿ ಇದ್ದಾನೆ; ಶೌರ್ಯಕ್ಕೊಂದು ಸಭ್ಯತೆಯಿದೆಯೆಂದು ನಂಬಿದ ದಳಪತಿ ಹೈಡೆಮನ್ ಇದ್ದಾನೆ. ಸ್ಟಾಕೆಲ್‌ನಿಗೆ ಇವರಂತೆ ಮನೆತನವಿಲ್ಲ. ಇರುವುದು ಒಂದೇ ಹಂಬಲ: ಇಪ್ಪತ್ತು ವಿಮಾನಗಳು, ಒಂದು ನೀಲಿ ಪದಕ.

ಮೊದಲ ಹಾರಾಟದಲ್ಲಿಯೇ ಅವನು ಒಂದು ಬ್ರಿಟಿಷ್ ವಿಮಾನವನ್ನು ಕೆಡವುತ್ತಾನೆ. ಕಂಡವರಿಲ್ಲವಾದ್ದರಿಂದ ಅದು ಲೆಕ್ಕಕ್ಕೆ ಸೇರುವುದಿಲ್ಲ. ಸ್ಟಾಕೆಲ್ ಅದರ ಅವಶೇಷವನ್ನು ಹುಡುಕುತ್ತ ಹೊಲಗದ್ದೆಗಳಲ್ಲಿ ಅಲೆಯುತ್ತಾನೆ. ಅದೇ ಹಾರಾಟದಲ್ಲಿ ಸತ್ತ ಜೊತೆಗಾರನ ವಿಚಾರ ಅವನಿಗೆ ನೆನಪಿದ್ದಂತಿಲ್ಲ. ದಳದವರಿಗೆ ಅಸಹ್ಯವಾಗುತ್ತದೆ. ಪ್ರೇಕ್ಷಕರಿಗೂ ಆಗುತ್ತದೆ. ಆದರೆ ಇಲ್ಲಿ ಒಂದು ನಿಮಿಷ ನಿಂತು ಯೋಚಿಸಬೇಕು. ಲೆಕ್ಕವಿಡುವ ಪದ್ಧತಿ ಸ್ಟಾಕೆಲ್‌ನದೆ? ಇಷ್ಟು ವಿಮಾನಕ್ಕೆ ಇಂಥ ಪದಕವೆಂದು ನಿಗದಿ ಮಾಡಿದವರು ಮೇಲಿನವರು. ಸಾಕ್ಷಿಯಿಲ್ಲದೆ ಒಪ್ಪುವುದಿಲ್ಲವೆಂದವರೂ ಅವರೇ. ವಿಲ್ಲಿಯೂ ಅದೇ ಪದಕವನ್ನು ಬಯಸಿದವನು, ಅದೇ ಲೆಕ್ಕದಿಂದ ಪಡೆಯುವವನು. ವ್ಯತ್ಯಾಸವಿಷ್ಟೆ: ವಿಲ್ಲಿ ತನ್ನ ಬಯಕೆಯನ್ನು ನಗುನಗುತ್ತ ಮರೆಸಬಲ್ಲ, ಪದಕ ಬಾರದಿದ್ದರೂ ಅವನು ಕ್ಲೂಗರ್‌ಮನ್ನನೇ. ಪದಕ ಬಾರದಿದ್ದರೆ ಸ್ಟಾಕೆಲ್ ಏನೂ ಅಲ್ಲ. ಅಂಕಗಳನ್ನು ಎಣಿಸುವ ಹುಡುಗನನ್ನು ಕಂಡು ನಗುವವರು ಸಾಮಾನ್ಯವಾಗಿ ಅಂಕಗಳ ಹಂಗಿಲ್ಲದೆ ಬದುಕಬಲ್ಲವರು. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಇದು ಹೊಸ ಮಾತಲ್ಲ.

ಮುಂದಿನ ಸಂದರ್ಭ ಇನ್ನೂ ಸೂಕ್ಷ್ಮವಾದುದು. ಶತ್ರುವಿನ ವಿಮಾನವೊಂದರ ಹಿಂಬದಿಯ ಬಂದೂಕುಗಾರನನ್ನು ನಿಷ್ಕ್ರಿಯಗೊಳಿಸಿ, ವಿಮಾನವನ್ನು ಕೆಡವದೆ, ಸ್ಟಾಕೆಲ್ ಅದನ್ನು ತನ್ನ ನೆಲೆಗೆ ನಡೆಸಿಕೊಂಡು ಬರುತ್ತಾನೆ. ಇದು ಹೈಡೆಮನ್ ಮೆಚ್ಚುವ ವೀರಧರ್ಮವೇ ಸರಿ. ನೆಲೆ ಸಮೀಪಿಸಿದಾಗ ಬಂದೂಕುಗಾರನು ಎಚ್ಚೆತ್ತು ಮೆಷಿನ್ ಗನ್ನಿಗೆ ಕೈ ಹಾಕುತ್ತಾನೆ. ಸ್ಟಾಕೆಲ್ ಗುಂಡು ಹಾರಿಸಲೇಬೇಕಾಗುತ್ತದೆ. ಕೆಳಗೆ ನಿಂತವರಿಗೆ ಕಂಡದ್ದು ಬೀಳುವ ವಿಮಾನ ಮಾತ್ರ. ಎಣಿಕೆಗಾಗಿ ಶರಣಾದವರನ್ನು ಕೊಂದನೆಂದು ಹೈಡೆಮನ್ ತೀರ್ಮಾನಿಸುತ್ತಾನೆ. ಅದೇ ಕೆಲಸವನ್ನು ವಿಲ್ಲಿ ಮಾಡಿದ್ದರೆ ಕಾರಣ ಕೇಳುತ್ತಿದ್ದರೋ ಏನೋ. ಸ್ಟಾಕೆಲ್‌ನನ್ನು ಯಾರೂ ಕೇಳುವುದಿಲ್ಲ. ಕುಲವೆಂಬುದು ಸಿಂಹಾಸನದಲ್ಲಿ ಮಾತ್ರವಲ್ಲ, ಸಂಶಯದ ಲಾಭ ಯಾರಿಗೆ ದೊರೆಯುತ್ತದೆ ಎಂಬಲ್ಲಿಯೂ ಇದೆ.

ಇದರಿಂದ ಸ್ಟಾಕೆಲ್ ನಿರ್ದೋಷಿಯೆಂದು ಹೇಳಿದಂತಾಗಲಿಲ್ಲ. ಸೇತುವೆಯೊಂದರ ಕೆಳಗೆ ತೂರಿಹೋಗುವ ಪಂದ್ಯದಲ್ಲಿ ವಿಲ್ಲಿ ಅಪ್ಪಳಿಸಿ ಸಾಯುತ್ತಾನೆ. ಅಂದು ವಿಲ್ಲಿ ಕೆಡವಿದ್ದ ಎರಡು ವಿಮಾನಗಳನ್ನು ಸ್ಟಾಕೆಲ್ ತನ್ನವೆಂದು ಹೇಳಿಬಿಡುತ್ತಾನೆ. ಹೈಡೆಮನ್ನನ ತಾತ್ಸಾರವು ಅವನನ್ನು ಕೆಣಕಿದ್ದು ನಿಜ. ಸುಳ್ಳು ಮಾತ್ರ ಅವನದೇ. ಮುಂದೆ ಅವನು ಅಪ್ಪಣೆ ಮೀರಿ ಕಾದಾಟಕ್ಕಿಳಿದಾಗ ಹಿಂಬಾಲಿಸಿದ ದಳದವರಲ್ಲಿ ಅನೇಕರು ಹಿಂದಿರುಗುವುದಿಲ್ಲ. ಆ ಸಾವುಗಳ ಎಣಿಕೆಯನ್ನು ಅವನು ಇಡುವುದಿಲ್ಲ. ತನ್ನನ್ನು ತುಳಿದವರ ಲೆಕ್ಕವನ್ನೇ ಕಲಿತವನು, ಅವರಿಗಿಂತ ನಿರ್ದಯವಾಗಿ ಲೆಕ್ಕ ಹಾಕುತ್ತಾನೆ. ಚಿತ್ರದ ದುರಂತವಿರುವುದು ಇಲ್ಲಿ.

ಇವರೆಲ್ಲರ ಮೇಲೆ ಕುಳಿತವನು ಜನರಲ್. ಜೇಮ್ಸ್ ಮೇಸನ್ ಈ ಪಾತ್ರವನ್ನು ದನಿಯೇರಿಸದೆ, ಹುಬ್ಬು ಕದಲಿಸದೆ ನಿರ್ವಹಿಸಿರುವ ರೀತಿ ಮರೆಯುವಂಥದಲ್ಲ. ಸೋಲು ಸಮೀಪಿಸಿದೆ, ಜನ ರೊಚ್ಚಿಗೇಳುತ್ತಿದ್ದಾರೆ. ಈಗ ಜನರೊಳಗಿಂದಲೇ ಎದ್ದುಬಂದ ವೀರನೊಬ್ಬನು ಬೇಕು. ಆದ್ದರಿಂದ ಸ್ಟಾಕೆಲ್‌ನ ಮೇಲೆ ವಿಚಾರಣೆಯಾಗಬೇಕೆಂಬ ಹೈಡೆಮನ್ನನ ಬೇಡಿಕೆ ಬದಿಗೆ ಸರಿಯುತ್ತದೆ, ಯುವರಾಜನ ಕೈಯಿಂದಲೇ ಪದಕ ಕೊರಳಿಗೇರುತ್ತದೆ. ಬಳಿಕ ಸುಳ್ಳು ಹೊರಬೀಳುತ್ತದೆ. ಹೊಸದೊಂದು ವಿಮಾನದ ರೆಕ್ಕೆಯ ಆಧಾರ ದುರ್ಬಲವೆಂದು ಹೈಡೆಮನ್ ಆಗತಾನೆ ತಿಳಿಸಿದ್ದಾನೆ. ಜನರಲ್ ಅದೇ ವಿಮಾನದಲ್ಲಿ ಸ್ಟಾಕೆಲ್‌ನನ್ನು ಹಾರಲು ಕಳಿಸುತ್ತಾನೆ. ವೀರನು ಸತ್ತರೆ ಕಳಂಕವೂ ಸತ್ತಂತೆ. ಇದನ್ನು ಕಥೆಗಾರರ ಬರಿಯ ಕಲ್ಪನೆಯೆನ್ನಬೇಡಿ. ೧೯೧೮ರ ಆಗಸ್ಟಿನಲ್ಲಿ ಫೋಕರ್ ಕಂಪನಿಯ ಹೊಸ ವಿಮಾನ ತಯಾರಿಕೆಯ ದೋಷದಿಂದ ರೆಕ್ಕೆ ಮುರಿದು ಯೋಧರನ್ನು ಬಲಿ ತೆಗೆದುಕೊಂಡದ್ದು ನಡೆದ ಸಂಗತಿ. ಕೊಲೆಯ ಉದ್ದೇಶ ಮಾತ್ರ ಚಿತ್ರದ್ದು.

ಕನ್ನಡದ ಓದುಗರಿಗೆ ಇಲ್ಲಿ ಪಂಪನ ಕರ್ಣ ನೆನಪಾಗದಿರಲಾರ. ರಂಗದ ನಡುವೆ ಬಿಲ್ಲಿನ ಕೌಶಲಕ್ಕೆ ಉತ್ತರವಾಗಿ ಅವನ ಕುಲವನ್ನು ಕೇಳಿದರು. ದುರ್ಯೋಧನ ಅಲ್ಲಿಯೇ ಅವನನ್ನು ಅಂಗರಾಜನನ್ನಾಗಿ ಮಾಡಿದ. ಅವನಿಗೂ ತನ್ನ ಅಗತ್ಯವಿತ್ತು, ನಿಜ. ಆದರೂ ಅದರಲ್ಲಿ ಗೆಳೆತನ ಬೆರೆತಿತ್ತು. ಪದವಿಯನ್ನು ಕೊಟ್ಟವನು ಕೈಬಿಡಲಿಲ್ಲ. ಕರ್ಣನೂ ತನ್ನ ಹಿರಿಮೆಯನ್ನು ಪಡೆದುದರಿಂದಲ್ಲ, ಕೊಟ್ಟುದರಿಂದ ಸ್ಥಾಪಿಸಿದ. ಸ್ಟಾಕೆಲ್‌ನಿಗೆ ದುರ್ಯೋಧನನೂ ಇಲ್ಲ, ಕೊಡುವ ಕೈಯೂ ಇಲ್ಲ. ಇಬ್ಬರನ್ನೂ ಜೊತೆಗಿಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಕುಲದ ಸೊಕ್ಕಿಗೆ ಪ್ರತಿಯಾಗಿ ಬರಿಯ ಗಳಿಕೆಯನ್ನು ಒಡ್ಡಿದರೆ ಸಾಲದು, ಗುಣವೂ ಬೇಕು.

ಚಿತ್ರದ ಕುಂದುಗಳೂ ಇಲ್ಲದಿಲ್ಲ. ಜನರಲ್‌ನ ಹೆಂಡತಿ ಕೇಟಿಯ ಪ್ರಣಯಪ್ರಸಂಗಗಳು ಉರ್ಸುಲಾ ಆಂಡ್ರೆಸ್‌ರ ಚೆಲುವಿಗೆ ಸಲ್ಲಿಸಿದ ಕಾಣಿಕೆಯಂತೆ ಉದ್ದವಾಗಿವೆ. ಸ್ಟಾಕೆಲ್‌ನಾಗಿ ಜಾರ್ಜ್ ಪೆಪಾರ್ಡ್‌ರ ಮುಖದಲ್ಲಿ ಛಲ ಕಾಣುವಷ್ಟು ನೋವು ಕಾಣದು. ಐರ್ಲೆಂಡಿನ ಬಾನಿನಲ್ಲಿ ಡಗ್ಲಸ್ ಸ್ಲೊಕೂಂಬ್ ಸೆರೆಹಿಡಿದ ಹಾರಾಟಗಳು ಎಷ್ಟು ಸೊಗಸಾಗಿವೆಯೆಂದರೆ, ಕೆಳಗೆ ಸಾಯುವವರು ಕಣ್ಣಿಗೆ ಬೀಳುವುದೇ ಕಷ್ಟ. ಕಾದಂಬರಿಯ ಸ್ಟಾಕೆಲ್ ಸಾಯದೆ ಉಳಿಯುತ್ತಾನೆ. ಚಿತ್ರವು ಅವನನ್ನು ಕೊಂದು, ಮೇಲಿನವರ ಮನೆಯನ್ನು ಗುಡಿಸಿ ಸಾರಿಸಿ ಒಪ್ಪಮಾಡಿಟ್ಟಂತೆ ಮುಗಿಯುತ್ತದೆ.

ಆದರೂ ಆ ಮುಕ್ತಾಯವೇ ಜನರಲ್‌ನನ್ನು ಬಯಲಿಗೆಳೆಯುತ್ತದೆಂದು ನನಗೆ ತೋರುತ್ತದೆ. ಸ್ಟಾಕೆಲ್‌ನ ಸುಳ್ಳು ಎರಡು ವಿಮಾನಗಳದು. ಅವನನ್ನು ವೀರನೆಂದು ದಾಖಲೆಯಲ್ಲಿ ಮುಚ್ಚಿಡುವ ಜನರಲ್‌ನ ಸುಳ್ಳು ಇಡೀ ಒಂದು ವರ್ಗದ್ದು. ಮೊದಲನೆಯದಕ್ಕೆ ಮರಣದಂಡನೆಯಾಯಿತು. ಎರಡನೆಯದಕ್ಕೆ ಗೌರವವೆಂದು ಹೆಸರಾಯಿತು. ‘ಯೋಗ್ಯತೆಗಾಗಿ’ ಎಂದು ಕೆತ್ತಿದ ಪದಕವನ್ನು ಕೊಡುವವರ ಯೋಗ್ಯತೆಯನ್ನು ಅಳೆಯುವವರು ಮಾತ್ರ ಆ ಲೋಕದಲ್ಲಿ ಯಾರೂ ಇರಲಿಲ್ಲ.