ಆಡದೆ ಬಿಟ್ಟ ಮಾತು

1937ರಲ್ಲಿ ತೆರೆಗೆ ಬಂದ ‘ದಿ ಲೈಫ್ ಆಫ್ ಎಮಿಲ್ ಜೋಲಾ’ ಎಂಬ ಹಾಲಿವುಡ್ ಚಿತ್ರಕ್ಕೆ ಆ ವರ್ಷದ ಶ್ರೇಷ್ಠ ಚಿತ್ರವೆಂದು ಆಸ್ಕರ್ ಸಿಕ್ಕಿತು. ಫ್ರಾನ್ಸಿನ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ ಆಲ್ಫ್ರೆಡ್ ಡ್ರೆಫಸ್‌ಗೆ ಆದ ಅನ್ಯಾಯ, ಅವನ ಪರವಾಗಿ ಕಾದಂಬರಿಕಾರ ಜೋಲಾ ನಡೆಸಿದ ಹೋರಾಟ ಇದರಲ್ಲಿ ಮುಖ್ಯವಾಗಿ ಬರುತ್ತದೆ. ಜೋಲಾ ಆಗಿ ಪಾಲ್ ಮುನಿಯ ಅಭಿನಯ ಸೊಗಸಾಗಿದೆ. ಗಂಡನಿಗಾಗಿ ಜೋಲಾನ ಮನೆ ಬಾಗಿಲಿಗೆ ಹೋಗುವ ಲೂಸಿಯಂತೂ ನೋಡುವವರ ಕರುಳು ಹಿಂಡುತ್ತಾಳೆ. ಆದರೂ ಈ ಚಿತ್ರದ ಬಗ್ಗೆ ನನ್ನದೊಂದು ತಕರಾರಿದೆ.

ಡ್ರೆಫಸ್ ಯಹೂದಿ. 1894ರಲ್ಲಿ ಜರ್ಮನಿಗೆ ಸೈನ್ಯದ ಗುಟ್ಟು ಮಾರಿದವರು ಯಾರೆಂದು ಹುಡುಕುವಾಗ, ಕೈಬರಹ ಹೋಲುತ್ತದೆಂದು ಅವನನ್ನು ಹಿಡಿದರು. ಅವನ ವಕೀಲನಿಗೂ ತೋರಿಸದ ಗುಪ್ತ ಕಾಗದಗಳನ್ನು ನ್ಯಾಯಾಧೀಶರ ಕೈಗಿತ್ತು ಶಿಕ್ಷೆ ಮಾಡಿಸಿ, ಡೆವಿಲ್ಸ್ ದ್ವೀಪಕ್ಕೆ ಅಟ್ಟಿದರು. ಯಹೂದಿಗೆ ದೇಶಭಕ್ತಿ ಎಲ್ಲಿಂದ ಬರಬೇಕು ಎಂಬ ಪೂರ್ವಗ್ರಹವೇ ಸಾಕ್ಷಿಯ ಕೊರತೆಯನ್ನು ತುಂಬಿತು. ನಿಜವಾದ ತಪ್ಪಿತಸ್ಥ ಎಸ್ಟರ್‌ಹೇಜಿ ಎಂದು ಗೊತ್ತಾದ ಮೇಲೂ ಡ್ರೆಫಸ್ ನಿರ್ದೋಷಿ ಎನಿಸಿಕೊಳ್ಳಲು 1906 ಬರಬೇಕಾಯಿತು. ಇಷ್ಟಕ್ಕೆಲ್ಲ ಮೂಲವಾದ ‘ಯಹೂದಿ’ ಎಂಬ ಶಬ್ದವನ್ನು ಚಿತ್ರದಲ್ಲಿ ಒಬ್ಬರೂ ಉಚ್ಚರಿಸುವುದಿಲ್ಲ. ಒಂದು ಕಾಗದದ ಮೇಲೆ ಕ್ಷಣಕಾಲ ಕಂಡು ಮರೆಯಾಗುತ್ತದೆ, ಅಷ್ಟೆ. ಕಾರಣವನ್ನು ಮುಚ್ಚಿಟ್ಟ ಮೇಲೆ ಉಳಿಯುವುದೇನು? ನಾಲ್ಕು ಜನ ಕೆಟ್ಟ ಅಧಿಕಾರಿಗಳು, ಒಬ್ಬ ನತದೃಷ್ಟ.

ಇದು ದೂರದೇಶದ ಕಥೆ ಎನ್ನಬೇಡಿ. ನಮ್ಮ ಬೀದರಿನಲ್ಲೇ 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ಅದಕ್ಕೆ ದೇಶದ್ರೋಹದ ಕಲಮು ಬಿತ್ತು. ಮುಖ್ಯೋಪಾಧ್ಯಾಯಿನಿಯೂ ನಾಟಕದಲ್ಲಿದ್ದ ಹುಡುಗಿಯೊಬ್ಬಳ ತಾಯಿಯೂ ಸುಮಾರು 15 ದಿನ ಜೈಲಿನಲ್ಲಿದ್ದರು. ಪೊಲೀಸರು ಸಮವಸ್ತ್ರದಲ್ಲೇ ಮಕ್ಕಳನ್ನು ವಿಚಾರಿಸಿದ್ದು ಮೇಲುನೋಟಕ್ಕೆ ಮಕ್ಕಳ ಹಕ್ಕಿನ ಉಲ್ಲಂಘನೆ ಎಂದು 2021ರಲ್ಲಿ ಹೈಕೋರ್ಟ್ ಹೇಳಿತು. 2023ರ ಜೂನ್‌ನಲ್ಲಿ ಅದರ ಕಲಬುರಗಿ ಪೀಠ, ಇದು ದೇಶದ್ರೋಹವಾಗದು ಎಂದು ಪ್ರಕರಣವನ್ನೇ ರದ್ದು ಮಾಡಿತು. ಡ್ರೆಫಸ್‌ನ ಹಾಗೆ ಇಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ, ನಿಜ. ಆದರೆ ತಾಯಿಯಿಲ್ಲದೆ ಆ ಹುಡುಗಿ ಕಳೆದ ರಾತ್ರಿಗಳನ್ನು ಯಾವ ತೀರ್ಪೂ ಹಿಂದಕ್ಕೆ ಕೊಡಲಾರದು.

ಆ ದಿನಗಳಲ್ಲಿ ಭಾಲ್ಕಿಯ ನಮ್ಮ ಓಣಿಯಲ್ಲಿ, ಔರಾದಿನ ನೆಂಟರ ಮನೆಯಲ್ಲಿ ಹೆಂಗಸರು “ಪಾಪ, ಆಕಿ ನಸೀಬಾನೇ ಖೊಟ್ಟಿ” ಎಂದು ಮರುಗುವುದನ್ನು ಕೇಳಿದ್ದೇನೆ. ಆ ಮರುಕ ಸುಳ್ಳಲ್ಲ. ಆದರೆ ಆಕೆ ಮುಸ್ಲಿಂ ಹೆಂಗಸಾಗಿರದಿದ್ದರೆ ಇಷ್ಟು ಬೇಗ ದೇಶದ್ರೋಹಿ ಎನಿಸುತ್ತಿದ್ದಳೇ ಎಂದು ಒಬ್ಬರೂ ಕೇಳಲಿಲ್ಲ. ಆ ಚಿತ್ರ ಮಾಡಿದ್ದೂ ಇದನ್ನೇ. ಕಣ್ಣೀರು ತರಿಸಿತು, ಕಾರಣ ಹೇಳಲಿಲ್ಲ. ಹಣೆಬರಹದ ಮೇಲೆ ಹೊರಿಸಿದ ಅನ್ಯಾಯಕ್ಕೆ ಯಾರೂ ಜವಾಬು ಕೊಡಬೇಕಾಗಿಲ್ಲವಲ್ಲ!

ಚಿತ್ರ ಸಿಕ್ಕರೆ ಖಂಡಿತ ನೋಡಿ. ಲೂಸಿಗಾಗಿ ನಾಲ್ಕು ಹನಿ ಕಣ್ಣೀರನ್ನೂ ಹಾಕಿ. ಆದರೆ ಅವಳ ಗಂಡನನ್ನು ಯಾಕೆ ಹಿಡಿದರು ಎಂದು ಪಕ್ಕದಲ್ಲಿ ಕೂತ ಮಕ್ಕಳು ಕೇಳಿದರೆ, ಚಿತ್ರ ನುಂಗಿಕೊಂಡ ಆ ಶಬ್ದವನ್ನು ನೀವಾದರೂ ಬಾಯಿಬಿಟ್ಟು ಹೇಳಿ.