ಗದಾಯುದ್ಧದ ಓದಿಗೆ ಬೇಕಾದ ಪೀಠಿಕೆ

ನಮ್ಮ ಊರಿನ ವಾಚನಗೋಷ್ಠಿಯಲ್ಲಿ ತಿಂಗಳಿಗೊಂದು ಗ್ರಂಥವನ್ನು ಓದಿ ಚರ್ಚಿಸುವ ಪದ್ಧತಿಯುಂಟು. ಈಚೆಗೆ ರನ್ನಕವಿಯ ಸಾಹಸಭೀಮವಿಜಯವನ್ನು, ಎಂದರೆ ಗದಾಯುದ್ಧವನ್ನು, ಕೈಗೊಂಡೆವು. ಓದಿಗೆ ಬೇಕಾದ ಪೂರ್ವಸಾಮಗ್ರಿಯನ್ನು ಒದಗಿಸುವ ಭಾರ ನನ್ನ ಮೇಲೆ ಬಿದ್ದಿತು. ಅದನ್ನು ನಾನು ಸರಿಯಾಗಿ ಹೊರಲಿಲ್ಲವೆಂದು ಮೊದಲೇ ಒಪ್ಪಿಕೊಳ್ಳುವುದು ಲೇಸು. ಮೊದಲ ದಿನ ಕವಿಯ ಕಾಲ, ಕುಲ, ಗುರು, ಬಿರುದುಗಳೆಂದು ಎರಡು ಗಂಟೆಯ ಹೊತ್ತು ಮಾತನಾಡಿದೆನು. ಮುದುವೊಳಲಿನ ಬಳೆಗಾರರ ಮನೆಯ ಮಗನು ಕವಿಚಕ್ರವರ್ತಿಯಾದ ವೃತ್ತಾಂತವನ್ನು ಸದಸ್ಯರು ಆದರದಿಂದಲೇ ಕೇಳಿದರು; ಆದರೆ ಕಾವ್ಯದ ಒಂದು ಪದ್ಯವನ್ನಾದರೂ ಓದಲು ಹೊತ್ತು ಉಳಿಯಲಿಲ್ಲ. ಪಾಠಶಾಲೆಯಲ್ಲಿ ನಮಗೆ ರಘುವಂಶವನ್ನು ಹೇಳಿಕೊಟ್ಟ ಗುರುಗಳು ಶ್ಲೋಕದ ಅನ್ವಯವು ಬಾಯಿಗೆ ಬರುವವರೆಗೆ ಮಲ್ಲಿನಾಥನನ್ನು ಮುಟ್ಟಗೊಡುತ್ತಿರಲಿಲ್ಲ. ಅಷ್ಟನ್ನು ಮರೆತೆನಲ್ಲಾ ಎಂದು ಮನೆಗೆ ಬರುವಾಗ ನಾಚಿಕೆಯಾಯಿತು.

ಮುಂದಿನ ಕೂಟದಲ್ಲಿ ಕಾವ್ಯವನ್ನೇ ಓದಿದೆವು. ಹೆಣಗಳ ನಡುವೆ ಸಂಜಯನೊಡನೆ ಸಾಗುವ ದುರ್ಯೋಧನನು ದ್ರೋಣನನ್ನೂ ದುಶ್ಶಾಸನನನ್ನೂ ಕರ್ಣನನ್ನೂ ಕಂಡು ಅಳಲುವ ಭಾಗ, ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಅವನ ಶೌರ್ಯವನ್ನು ಮೆಚ್ಚುವ ಭಾಗ, ಇವಕ್ಕೆ ಯಾವ ಪೀಠಿಕೆಯೂ ಬೇಕಾಗಲಿಲ್ಲ. ಕಠಿಣಪದಗಳಿಗೆ ಕಿಟ್ಟೆಲರ 1894ರ ನಿಘಂಟೊಂದು ಸಾಕಾಯಿತು. ಕೇಳುವವರ ಕಣ್ಣು ಒದ್ದೆಯಾದುದನ್ನು ನಾನೇ ಕಂಡೆನು.

ತೊಡಕು ಬಂದುದು ಕೊನೆಯಲ್ಲಿ. ಗೃಹಿಣಿಯೊಬ್ಬರು, "ಮೇಷ್ಟ್ರೇ, ಧರ್ಮರಾಯನು ಇದ್ದಹಾಗೆಯೇ ಭೀಮನಿಗೆ ಪಟ್ಟವನ್ನು ಕಟ್ಟುವುದು ಹೇಗೆ? ಇದು ಕವಿಯ ಪ್ರಮಾದವಲ್ಲವೇ?" ಎಂದು ಕೇಳಿದರು. ಎರಡು ಗಂಟೆಯ ನನ್ನ ಉಪನ್ಯಾಸದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಪೀಠಿಕೆ ಯಾವುದು, ಯಾವುದಲ್ಲ ಎಂಬ ವಿವೇಕವು ನನಗೆ ಹುಟ್ಟಿದುದು ಅಲ್ಲಿಂದಲೇ.

ಆ ಪ್ರಶ್ನೆಗೆ ಉತ್ತರವು ಎರಡು ಕಡೆ ಇರುವುದು. ಮೊದಲನೆಯದು ಪಂಪನ ವಿಕ್ರಮಾರ್ಜುನವಿಜಯ. 941ರಲ್ಲಿ ಪಂಪನು ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿ, ಕೊನೆಗೆ ಅರ್ಜುನನಿಗೇ ಪಟ್ಟವನ್ನು ಕಟ್ಟಿದನು. ರನ್ನನು ಆ ದಾರಿಯನ್ನೇ ಹಿಡಿದು, ಚಾಲುಕ್ಯ ತೈಲಪನ ಮಗನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಲ್ಲಿ ಆರೋಪಿಸಿದನು. ಆದಕಾರಣ ಭೀಮನ ಪಟ್ಟವು ಪ್ರಮಾದವಲ್ಲ, ಕಾವ್ಯದ ಪ್ರತಿಜ್ಞೆ. ಎರಡನೆಯದು ಇತಿಹಾಸ. ತೈಲಪನು 973ರಲ್ಲಿ ರಾಷ್ಟ್ರಕೂಟರನ್ನು ಕೆಡಹಿ ಚಾಲುಕ್ಯರ ರಾಜ್ಯವನ್ನು ಮರಳಿ ಎತ್ತಿ ನಿಲ್ಲಿಸಿದವನು. ಕಳೆದುಹೋದ ನೆಲವನ್ನು ತೋಳ್ಬಲದಿಂದ ಗೆದ್ದ ಮನೆತನದ ಆಸ್ಥಾನದಲ್ಲಿ ಭೀಮನ ಸಾಹಸವು ಹೇಗೆ ಕೇಳಿಸಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಇಷ್ಟು ತಿಳಿದರೆ ಸಾಕು. ಚಾಲುಕ್ಯರ ವಂಶಾವಳಿಯೆಲ್ಲವೂ ಬೇಡ.

ಪಂಪನ ಹದಿಮೂರನೆಯ ಆಶ್ವಾಸವನ್ನು ಗದಾಯುದ್ಧದ ಪಕ್ಕದಲ್ಲಿ ಇಟ್ಟುಕೊಳ್ಳದೆ ಓದುವುದು ಅರೆ ಓದೇ ಸರಿ. ಅಲ್ಲಿ ಒಂದು ಆಶ್ವಾಸದೊಳಗೆ ಅಡಗಿದುದು ಇಲ್ಲಿ ಹತ್ತು ಆಶ್ವಾಸಗಳಾಗಿ ಹರಡಿದೆ. ಹಿಂದಿನ ಭಾರತಕಥೆಯೆಲ್ಲವನ್ನೂ ಸಿಂಹಾವಲೋಕನಕ್ರಮದಲ್ಲಿ ಒಳಗೆ ತಂದುಕೊಂಡಿದೆ. ರನ್ನನು ಪಂಪನಿಂದ ಪಡೆದುದೆಷ್ಟು, ತಾನು ಕೂಡಿಸಿದುದೆಷ್ಟು ಎಂಬುದು ಕವಿಚರಿತ್ರೆಯನ್ನು ಓದಿದರೆ ತಿಳಿಯದು, ಎರಡು ಕಾವ್ಯಗಳನ್ನು ಸಾಲುಸಾಲಾಗಿ ಹೋಲಿಸಿದರೆ ತಿಳಿಯುವುದು. ವ್ಯಾಸಭಾರತದ ಶಲ್ಯಪರ್ವವನ್ನೂ ಒಮ್ಮೆ ನೋಡಬೇಕು. ಅಲ್ಲಿಯ ದ್ವೈಪಾಯನಹ್ರದವೇ ನಮ್ಮ ಕವಿಗಳಲ್ಲಿ ವೈಶಂಪಾಯನ ಸರೋವರವಾಗಿದೆ. ಸಂಸ್ಕೃತ ಬಲ್ಲವರು ಭಟ್ಟನಾರಾಯಣನ ವೇಣೀಸಂಹಾರವನ್ನೂ ಭಾಸನ ಊರುಭಂಗವನ್ನೂ ಓದಿದರೆ ಇನ್ನೂ ಸೊಗಸು. ಆದರೆ ಹೋಲಿಕೆ ಕಂಡಲ್ಲೆಲ್ಲ ಋಣವೆಂದು ಬರೆದುಬಿಡುವ ಚಪಲವು ನಮ್ಮಂಥ ಪಾಠಶಾಲೆಯವರಿಗೆ ಹೆಚ್ಚು. ದ್ರೌಪದಿಯ ಮುಡಿಯ ಕಥೆ ಎರಡು ಕಡೆಯೂ ಇದ್ದಮಾತ್ರಕ್ಕೆ ರನ್ನನು ಭಟ್ಟನಾರಾಯಣನ ಸಾಲಗಾರನೆಂದು ನಾನಂತೂ ಈಗ ಹೇಳಲಾರೆನು. ಹಿಂದೆ ತರಗತಿಯಲ್ಲಿ ಹೇಳಿದ್ದುಂಟು.

ಇನ್ನು ಶ್ರೀ ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನೇ ನಾಟಕಕ್ಕೆ ಅಳವಡಿಸಿ 1926ರಲ್ಲಿ ಹೊರತಂದ ಗದಾಯುದ್ಧ ನಾಟಕಂ. ಗೋಷ್ಠಿಯ ಕೆಲವು ತರುಣರು ಇದನ್ನು ಮೊದಲು ಓದಿ, ದುರ್ಯೋಧನನೇ ನಾಯಕನು, ಇದು ದುರಂತಕಾವ್ಯವು ಎಂಬ ಸಿದ್ಧಾಂತವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ನಾಟಕವು ಉತ್ಕೃಷ್ಟವಾದುದು, ಸಂದೇಹವಿಲ್ಲ. ಗ್ರೀಕ್ ನಾಟಕಗಳನ್ನು ಬಲ್ಲ ರಸಿಕರೊಬ್ಬರು ರನ್ನನಿಗೆ ಕೊಟ್ಟ ಉತ್ತರ ಅದು. ಪ್ರಶ್ನೆಯನ್ನು ಕೇಳುವ ಮುನ್ನ ಉತ್ತರವನ್ನು ಓದಿದವರಿಗೆ ರನ್ನನ ಭೀಮನು ಕಾಣಿಸಲೇ ಇಲ್ಲ. ಅವನ ಮಾತು ಬಂದಾಗಲೆಲ್ಲ ಪುಟ ಮಗುಚುವ ಆತುರ. ನಮ್ಮ ಕನಿಕರವು ಕೆಡೆದವನ ಕಡೆಗೆ, ಕವಿಯ ಪ್ರತಿಜ್ಞೆಯು ಗೆದ್ದವನ ಕಡೆಗೆ: ಈ ಎಳೆದಾಟವೇ ಕಾವ್ಯದ ಜೀವ. ಅದನ್ನು ಮೊದಲೇ ಒಂದು ಕಡೆಗೆ ತೀರ್ಮಾನಿಸಿಬಿಟ್ಟರೆ ಓದುವುದಕ್ಕೆ ಉಳಿದುದೇನು? ಆದಕಾರಣ ನಾಟಕವನ್ನು ಕಡೆಗೆ ಓದತಕ್ಕದ್ದು.

ಗ್ರಂಥಗಳು ದೊರೆಯುವುದಿಲ್ಲವೆಂಬ ನೆಪವೂ ಈಗ ಉಳಿದಿಲ್ಲ. 1907ರಲ್ಲಿ ಪ್ರಕಟವಾದ ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೊದಲ ಸಂಪುಟವನ್ನು ಒಬ್ಬ ಹುಡುಗನು ಅಂತರಜಾಲದಿಂದ ಇಳಿಸಿ ನನಗೆ ತೋರಿಸಿದನು. ನಾನು ಅದನ್ನು ನೋಡಲು ಹಿಂದೆ ಮೈಸೂರಿನವರೆಗೆ ಹೋಗಿದ್ದೆನು.

ಬರುವ ತಿಂಗಳು ಜನ್ನನ ಯಶೋಧರಚರಿತೆ. ಜನ್ನನಿಗೆ ಆಧಾರವಾದ ವಾದಿರಾಜನ ಸಂಸ್ಕೃತಕಾವ್ಯದ ಅಚ್ಚಿನ ಪ್ರತಿಯು ವಾಚಕರಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯಮಾಡಿ ಹದಿನೈದು ದಿನಗಳ ಮಟ್ಟಿಗೆ ಎರವಲು ಕೊಡಬೇಕೆಂದು ಪ್ರಾರ್ಥನೆ. ಈ ಸಲ ಅದನ್ನು ಎರಡನೆಯ ಕೂಟದಲ್ಲಿ ತೆರೆಯುವೆನು.