ಅದೃಷ್ಟದ ಚೀಲದಲ್ಲಿ ಎಷ್ಟು ಚೀಟಿ?

ವಿಡಿಯೋ ಆಟಗಳಿಂದ ಒಳಿತೋ ಕೆಡುಕೋ ಎಂಬ ಚರ್ಚಾಸ್ಪರ್ಧೆ ನಿಮ್ಮ ಶಾಲೆಯಲ್ಲೂ ನಡೆದಿರಬಹುದು. ಓದಿಗೆ ಅಡ್ಡಿ ಎಂದು ಒಂದು ಪಕ್ಷ, ಬುದ್ಧಿ ಚುರುಕಾಗುತ್ತದೆ ಎಂದು ಇನ್ನೊಂದು ಪಕ್ಷ. ಆಟದ ಒಳಗಿರುವ ಲೆಕ್ಕವನ್ನು ಮಾತ್ರ ಇಬ್ಬರೂ ನೋಡುವುದಿಲ್ಲ. ಒಳಗಿನ ಔಷಧ ಯಾವುದೆಂದು ತಿಳಿಯದೆ ಸೀಸೆಯ ಬಣ್ಣವನ್ನು ಚರ್ಚಿಸಿದಂತೆ ಇದು!

ಟೆಟ್ರಿಸ್ ಆಟವನ್ನೇ ತೆಗೆದುಕೊಳ್ಳಿ. 1984ರಲ್ಲಿ ಮಾಸ್ಕೋದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೋವ್ ಇದನ್ನು ರೂಪಿಸಿದರು. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಅಡ್ಡಸಾಲು ಸಂದಿಲ್ಲದೆ ತುಂಬಿದರೆ ಅದು ಮಾಯವಾಗುತ್ತದೆ. ಒಮ್ಮೆಗೇ ನಾಲ್ಕು ಸಾಲು ಅಳಿಸಬಲ್ಲದ್ದು ಉದ್ದನೆಯ ಕಡ್ಡಿಯೊಂದೇ. ಆದ್ದರಿಂದ ಆಟಗಾರ ಅದಕ್ಕಾಗಿ ಕಾಯುತ್ತಾನೆ.

ಎಷ್ಟು ಹೊತ್ತು? ಪ್ರತಿ ತುಂಡನ್ನೂ ಯಾದೃಚ್ಛಿಕವಾಗಿ ಆರಿಸಿದರೆ ಕಡ್ಡಿ ಬರುವ ಸಂಭವನೀಯತೆ ಪ್ರತಿ ಸಲವೂ 1/7. ಸತತ 14 ತುಂಡುಗಳಲ್ಲಿ ಒಂದೂ ಕಡ್ಡಿ ಬಾರದಿರುವ ಸಂಭವನೀಯತೆ (6/7)ರ 14ನೇ ಘಾತ, ಅಂದರೆ ಸುಮಾರು ಶೇ. 11.6. ಕಾಯುವಿಕೆಗೆ ಮೇಲ್ಮಿತಿಯೇ ಇಲ್ಲ. 2000ರ ದಶಕದಿಂದ ಈಚಿನ ಹೆಚ್ಚಿನ ಅಧಿಕೃತ ಆವೃತ್ತಿಗಳು ಬೇರೆ ಕ್ರಮ ಅನುಸರಿಸುತ್ತವೆ. ಏಳೂ ತುಂಡುಗಳನ್ನು ಒಂದು ಚೀಲಕ್ಕೆ ಹಾಕಿ ಒಂದೊಂದಾಗಿ ತೆಗೆದಂತೆ. ಚೀಲ ಬರಿದಾದ ಮೇಲೆಯೇ ಮತ್ತೆ ತುಂಬುವುದು. ಈಗ ಎರಡು ಕಡ್ಡಿಗಳ ನಡುವೆ ಹೆಚ್ಚೆಂದರೆ 12 ತುಂಡು ಮಾತ್ರ ಬರಬಹುದು. ಅದೃಷ್ಟ ಉಳಿಯಿತು, ಆದರೆ ಅದಕ್ಕೊಂದು ಕಡಿವಾಣ ಬಿತ್ತು. ಗೆಲುವು ಹೆಚ್ಚಾಗಿ ಕೈಚಳಕದ್ದಾಯಿತು.

ಟೆಟ್ರಿಸ್ ಮನಸ್ಸನ್ನು ಹಿಡಿಯುವುದಿಲ್ಲ ಎಂದಲ್ಲ. ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು 2000ದಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದಂತೆ, ಈ ಆಟ ಆಡಿದ ಹಲವರಿಗೆ ನಿದ್ದೆ ಹತ್ತುವ ಹೊತ್ತಿಗೆ ಬೀಳುವ ತುಂಡುಗಳೇ ಕಾಣುತ್ತಿದ್ದವು. ಆದರೂ ಅದು ಆಡುವವರ ಗಮನವನ್ನು ಕೇಳುತ್ತದೆಯೇ ಹೊರತು ಪ್ರತಿ ತುಂಡಿಗೂ ಕಾಸು ಕೇಳುವುದಿಲ್ಲ.

ಇದಕ್ಕೆ ವಿರುದ್ಧವಾದುದು ಇಂದಿನ ಅನೇಕ ಮೊಬೈಲ್ ಆಟಗಳಲ್ಲಿರುವ 'ಲೂಟ್ ಬಾಕ್ಸ್'. ಹಣ ಕೊಟ್ಟು ಪೆಟ್ಟಿಗೆ ತೆರೆದ ಮೇಲೆಯೇ ಒಳಗೇನಿದೆ ಎಂದು ತಿಳಿಯುವುದು. ಬೇಕಾದ ವಸ್ತು ಸಿಗುವ ಸಂಭವನೀಯತೆ ಶೇ. 1 ಎಂದಿಟ್ಟುಕೊಳ್ಳಿ. ನೂರು ಪೆಟ್ಟಿಗೆ ತೆರೆದರೆ ಒಂದಾದರೂ ಸಿಕ್ಕೇ ಸಿಗುತ್ತದೆ ಎಂದು ಹಲವರು ನಂಬುತ್ತಾರೆ. ಲೆಕ್ಕ ಮಾಡಿ ನೋಡಿ: 0.99ರ ನೂರನೇ ಘಾತ ಸುಮಾರು 0.37. ಅಂದರೆ ನೂರು ಜನರಲ್ಲಿ ಸುಮಾರು 37 ಮಂದಿಗೆ ಬರಿಗೈ! ಬಹುಮಾನ ಯಾವಾಗ ಬರುವುದೆಂದು ತಿಳಿಯದಿದ್ದಾಗ ಪಾರಿವಾಳಗಳು ಪಟ್ಟುಹಿಡಿದು ಕುಕ್ಕುತ್ತಲೇ ಇರುವುದನ್ನು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಬಹಳ ಹಿಂದೆಯೇ ತೋರಿಸಿದ್ದರು. ಇಲ್ಲಿ ಆ ತತ್ವವೇ ವ್ಯಾಪಾರವಾಗಿದೆ.

ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗವು 2018ರಲ್ಲಿ ಜೂಜೆಂದೇ ಪರಿಗಣಿಸಿತು. ಭಾರತವು 2025ರಲ್ಲಿ ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ತಂದಿತು. ಕಾನೂನು ತನ್ನ ಕೆಲಸ ಮಾಡಲಿ. ತರಗತಿಯ ಕೆಲಸ ಬೇರೆಯೇ ಇದೆ.

ಶಿಕ್ಷಕರೇ, ಏಳು ಚೀಟಿಗಳಲ್ಲಿ ಒಂದಕ್ಕೆ ಗುರುತು ಹಾಕಿ ಚೀಲದಲ್ಲಿಡಿ. ಒಂದು ಗುಂಪು ಪ್ರತಿ ಸಲವೂ ಚೀಟಿಯನ್ನು ಮರಳಿ ಹಾಕಲಿ. ಇನ್ನೊಂದು ಗುಂಪು ಏಳೂ ಮುಗಿದ ಮೇಲೆ ಹಾಕಲಿ. ಎರಡೂ ಗುಂಪುಗಳ ಅತಿ ದೀರ್ಘ ಕಾಯುವಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಬಳಿಕ ವಿದ್ಯಾರ್ಥಿಗಳನ್ನು ಕೇಳಿ: ನಿಮ್ಮ ಮೊಬೈಲಿನ ಆಟದಲ್ಲಿರುವುದು ಯಾವ ಚೀಲ? ಅದರಲ್ಲಿ ಎಷ್ಟು ಚೀಟಿಗಳಿವೆ ಎಂದು ನಿಮಗೆ ಹೇಳಿದ್ದಾರೆಯೇ?